ಮೂರು ಸಲ ಓದಿದ ಮೇಲೆ ಮಾತಾಡೋಣ

(ಜಗಳೂರು ತಾಲ್ಲೂಕಿನ ಸೊಕ್ಕೆ. ಮೆಕ್ಕೆಜೋಳ ಮುರಿದು ಮುಗಿದ ಮೇಲಿನ ಒಂದು ಭಾನುವಾರದ ಸಂಜೆ. ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಮನೆಯ ಜಗಲಿ. ಹಿಂದೆ ಅವರ ಹತ್ತಿರ ಓದಿದವಳು, ಈಗ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಬ್ಯಾಗು ಕೆಳಗಿಟ್ಟು ಕೂತಿದ್ದಾಳೆ.)

ಶಿಷ್ಯೆ: ಸರ್, ಒಂದು ಪದ್ಯ ಬಿಟ್ಟುಬಿಡೋಣ ಅಂತಿದ್ದೀನಿ. ನಿಮ್ಮನ್ನ ಕೇಳದೆ ಬಿಡೋಕೆ ಮನಸ್ಸು ಬರಲಿಲ್ಲ.

ಮೇಷ್ಟ್ರು: ಯಾವುದವ್ವ ಅದು?

ಶಿಷ್ಯೆ: ಅಡಿಗರ ‘ಭೂತ’. ಕೊನೇ ವರ್ಷದವರಿಗೆ. ಎರಡು ಪಿರಿಯಡ್ ಮಾಡಿದೆ, ಒಂದು ಮುಖವೂ ಅರಳಲಿಲ್ಲ. ಕಡೆಗೆ ಒಬ್ಬ ಹುಡುಗ ಎದ್ದು, ‘ಮಿಸ್, ಸಾರಾಂಶ ಬರೆಸಿಬಿಡಿ’ ಅಂದ. ಬರೆಸಿದೆ. ಬರೆಸ್ತಾ ಬರೆಸ್ತಾ ನನಗೇ ನಾಚಿಕೆಯಾಯ್ತು. ಬಾಯಲ್ಲಿ ಬರ್ತಿದ್ದ ವಾಕ್ಯಗಳೆಲ್ಲ ಗೈಡಿನವು. ಅನಾಥಪ್ರಜ್ಞೆ, ನಗರಪ್ರಜ್ಞೆ, ವ್ಯಂಗ್ಯ, ಪ್ರತಿಮೆ. ನವ್ಯದ ಲಕ್ಷಣ ಎಂಟು ಅಂತ ಪಟ್ಟಿ ಮಾಡಿ ಕೊಟ್ಟೆ.

ಮೇಷ್ಟ್ರು: ಆ ಪಟ್ಟಿ ನಾನೂ ಬರೆಸಿದ್ದೀನಿ. ಮೂರು ನಾಲ್ಕು ವರ್ಷ ಬರೆಸಿದೆ. ಒಬ್ಬ ಹುಡುಗ ಪರೀಕ್ಷೆಯಲ್ಲಿ ಆ ಪಟ್ಟಿಯನ್ನ ಚಾಚೂ ತಪ್ಪದೆ ಬರೆದು, ಪದ್ಯದ ಹೆಸರು ಮಾತ್ರ ತಪ್ಪು ಬರೆದಿದ್ದ. ಅವತ್ತೇ ನಿಲ್ಲಿಸಿದೆ. ಪದ್ಯ ಓದದೇನೇ ಬರೆಯಬಹುದಾದ ಉತ್ತರವನ್ನ ನಾನು ಕಲಿಸಿದ್ದೆ, ತಪ್ಪು ಅವನದ್ದಲ್ಲ. ಇರಲಿ, ನೀನು ತರಗತಿಯಲ್ಲಿ ಪದ್ಯ ಓದಿದ್ದು ಹೇಗೆ?

ಶಿಷ್ಯೆ: ಎರಡು ಸಾಲು ಓದೋದು, ಅರ್ಥ ಹೇಳೋದು. ಮತ್ತೆ ಎರಡು ಸಾಲು.

ಮೇಷ್ಟ್ರು: ಪೂರ್ತಿ ಒಂದೇ ಉಸಿರಿಗೆ?

ಶಿಷ್ಯೆ: ಇಲ್ಲ ಸರ್.

ಮೇಷ್ಟ್ರು: ಈಗ ಓದು. ತಗೋ, ಪುಸ್ತಕ ಇಲ್ಲೇ ಇದೆ. ಅರ್ಥದ ಗೊಡವೆ ಬೇಡ. ಎಲ್ಲಿ ಸಾಲು ಮುರಿದಿದೆಯೋ ಅಲ್ಲಿ ನಿಲ್ಲಬೇಡ, ಮಾತು ಎಲ್ಲಿ ನಿಲ್ಲಿಸುತ್ತೋ ಅಲ್ಲಿ ನಿಲ್ಲು.

(ಅವಳು ಓದುತ್ತಾಳೆ. ಮೇಷ್ಟ್ರು ಕಂಬಕ್ಕೆ ಬೆರಳಿಂದ ತಟ್ಟುತ್ತಾರೆ.)

ಶಿಷ್ಯೆ: ನೀವು ತಟ್ಟಿದ್ದು ಸರಿಯಾಗಿ ಕೂತುಬಿಡ್ತಲ್ಲ ಸರ್! ಐದೈದು.

ಮೇಷ್ಟ್ರು: ಐದು ಮಾತ್ರೆಯ ಗಣ. ಸಾಲುಗಳು ಉದ್ದ ಗಿಡ್ಡ ಇವೆ, ಪ್ರಾಸ ಇಲ್ಲ, ಅದಕ್ಕೇ ಮಕ್ಕಳು ಇದನ್ನ ಮುರಿದ ಗದ್ಯ ಅಂದ್ಕೋತಾರೆ. ಒಳಗಡೆ ನಡೀತಿರೋದು ಲಕ್ಷ್ಮೀಶನ ಜೈಮಿನಿ ಭಾರತದ ನಡೆ. ವಾರ್ಧಕ ಷಟ್ಪದಿ ನೆನಪಿದೆಯಾ?

ಶಿಷ್ಯೆ: ಒಂದು, ಎರಡು, ನಾಲ್ಕು, ಐದನೇ ಸಾಲಿನಲ್ಲಿ ಐದು ಮಾತ್ರೆಯ ನಾಲ್ಕು ಗಣ. ಮೂರು, ಆರರಲ್ಲಿ ಅಂಥವೇ ಆರು ಗಣ, ಮೇಲೊಂದು ಗುರು.

ಮೇಷ್ಟ್ರು: ಅದೇ. ಅಡಿಗರು ಆ ಗಣವನ್ನ ಇಟ್ಕೊಂಡು ಷಟ್ಪದಿಯ ಗೋಡೆ ತೆಗೆದರು. ಸಾಲಿನ ಕೊನೆಗೆ ಮಾತು ಮುಗೀಬೇಕು ಅನ್ನೋ ಕಟ್ಟು ಹೋಯ್ತು, ನಡೆ ಉಳೀತು. ನನಗಿದು ಗೊತ್ತಾಗಿದ್ದು ಯಾವ ವಿಮರ್ಶಕರ ಪುಸ್ತಕದಿಂದಲೂ ಅಲ್ಲ. ನಾನು ಬಿ.ಎ. ಓದ್ತಿದ್ದಾಗ ರಜಕ್ಕೆ ಊರಿಗೆ ಬಂದಿದ್ದೆ. ಇದೇ ಪಡಸಾಲೆಯಲ್ಲಿ ಲಾಟೀನಿಟ್ಕೊಂಡು ಇದೇ ಪದ್ಯವನ್ನ ಗಟ್ಟಿಯಾಗಿ ಓದ್ತಿದ್ದೆ. ನಮ್ಮಪ್ಪ ಪಕ್ಕದಲ್ಲಿ ಕೂತು ಬಿತ್ತನೆಗೆ ಶೇಂಗಾ ಸುಲೀತಿದ್ದರು. ಶ್ರಾವಣದಲ್ಲಿ ಗುಡಿಯಲ್ಲಿ ಜೈಮಿನಿ ಓದೋರು ಅವರೇ. ಸ್ವಲ್ಪ ಹೊತ್ತಿಗೆ ಅವರ ಕೈ ನಿಂತ್ಹೋಯ್ತು. ಮೊರದ ಅಂಚಿನ ಮೇಲೆ ಬೆರಳು ಬಡಿಯೋಕೆ ಶುರುವಾಯ್ತು. ನಾನು ಮುಗಿಸಿದ ಮೇಲೆ, ‘ಇದು ಯಾವ ಸಂಧಿ?’ ಅಂದರು.

ಶಿಷ್ಯೆ: ಅಬ್ಬಾ.

ಮೇಷ್ಟ್ರು: ಅರ್ಥ ಅವರಿಗೂ ಆಗಿರಲಿಲ್ಲ, ನನಗೂ ಆಗಿರಲಿಲ್ಲ. ಆದರೆ ಇದು ನಮ್ಮದಲ್ಲ ಅಂತ ಅವರಿಗೆ ಅನ್ನಿಸಲೇ ಇಲ್ಲ. ನವ್ಯ ಅಂದ್ರೆ ಎಲಿಯಟ್‌ನಿಂದ ತಂದ ಸರಕು ಅಂತ ಎಷ್ಟೋ ಜನ ಬರೆದಿದ್ದಾರೆ. ಎಲಿಯಟ್ 1922ರಲ್ಲಿ ‘ದಿ ವೇಸ್ಟ್ ಲ್ಯಾಂಡ್’ ಬರೆದ, ಅಡಿಗರು ಅದನ್ನ ಓದಿ ಅರಗಿಸಿಕೊಂಡರು, ಸುಳ್ಳಲ್ಲ. ಆದರೆ ಕಿವಿಯನ್ನ ಯಾರೂ ಹಡಗಿನಲ್ಲಿ ತರಿಸೋಕೆ ಆಗಲ್ಲ. 1954ರ ಸಂಕಲನಕ್ಕೆ ಅವರಿಟ್ಟ ಹೆಸರು ‘ಚಂಡೆಮದ್ದಳೆ’. ಮೊಗೇರಿಯ ಯಕ್ಷಗಾನದ ಕಿವಿ ಅದು.

ಶಿಷ್ಯೆ: ಸರಿ ಸರ್, ಲಯ ಒಪ್ಪಿದೆ. ಆದರೆ ಲಯ ಹಿಡಿದ ಮೇಲೂ ಪದ್ಯ ಗಟ್ಟಿಯಾಗೇ ಉಳಿಯುತ್ತಲ್ಲ. ನನ್ನ ತರಗತಿಯಲ್ಲಿರೋರು ಅಣಬೂರು, ಬಿಳಿಚೋಡು, ಈ ಕಡೆ ಹಳ್ಳಿಗಳ ಮಕ್ಕಳು. ಬೆಳಿಗ್ಗೆ ಹಾಲು ಹಾಕಿ ಬಸ್ಸು ಹತ್ತೋರು. ಅವರಿಗೆ 1959ರ ಒಂದು ಪದ್ಯದಿಂದ ಏನಾಗಬೇಕು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಮೇಷ್ಟ್ರು: ಹೋದ ಬೇಸಿಗೆಯಲ್ಲಿ ನಿಮ್ಮ ಹೊಲದಲ್ಲಿ ಬೋರು ಕೊರೆಸಿದಿರಲ್ಲ, ನೀನು ಇದ್ದೆಯಾ?

ಶಿಷ್ಯೆ: ರಾತ್ರಿಯೆಲ್ಲ ಇದ್ದೆ. ಮೂರನೇ ಬೋರು ಅದು. ಮೊದಲೆರಡು ಫೇಲ್.

ಮೇಷ್ಟ್ರು: ಏನೇನು ಬಂತು ಮೇಲಕ್ಕೆ? ಕ್ರಮವಾಗಿ ಹೇಳು.

ಶಿಷ್ಯೆ: ಮೊದಲು ಕೆಂಪು ಮಣ್ಣು. ಅಲ್ಲೀವರೆಗೆ ಕೇಸಿಂಗ್ ಇಳಿಸಿದರು. ಆಮೇಲೆ ಬಂಡೆ ಸಿಕ್ಕಿತು. ಬಿಳೀ ಪುಡಿ, ಆಮೇಲೆ ಬೂದಿ ಬಣ್ಣದ್ದು. ಊರೆಲ್ಲ ಹಿಟ್ಟಿನ ಗಿರಣಿ ಥರ. ಅಪ್ಪ ನಡುನಡುವೆ ಹೋಗಿ ಆ ಪುಡಿಯನ್ನ ಹಿಡಿಯಲ್ಲಿ ಹಿಸುಕಿ ನೋಡೋರು, ತೇವ ಇದೆಯಾ ಅಂತ. ಒಂದು ಸಲ ಅಂಗೈಗೆ ಪುಡಿ ಅಂಟಿಕೊಂಡಿತು. ಯಾರೂ ಮಾತಾಡಲಿಲ್ಲ.

ಮೇಷ್ಟ್ರು: ಈಗ ಪದ್ಯದ ಕೊನೇ ಭಾಗ ನೋಡು. ಅಗೆಯೋದು ಅಲ್ಲೂ ಇದೆ. ಮೇಲಿನ ಪದರದಲ್ಲಿ ಬರೀ ಮಣ್ಣು, ಗುದ್ದಲಿ ಇನ್ನೂ ಇಳಿದರೆ ಚಿನ್ನದ ಅದಿರಿನ ಗೆರೆ ಕಾಣಬಹುದು ಅಂತಾರೆ. ಸಿಕ್ಕೇ ಸಿಗುತ್ತೆ ಅನ್ನಲ್ಲ, ಆ ಕ್ರಿಯಾಪದ ಗಮನಿಸು, ಸಂಭಾವನೆಯ ರೂಪ. ಸಿಕ್ಕಿದ ಮೇಲೂ ಅದು ಒಡವೆ ಅಲ್ಲ. ಸುಡಬೇಕು, ಸೋಸಬೇಕು, ಬಡಿದು ತನ್ನ ದೇವರ ಮೂರ್ತಿ ಮಾಡೋ ಕಸುಬು ಕಲೀಬೇಕು. ಹಿಂದಿನವರು ಬಿಟ್ಟುಹೋದದ್ದು ಸಿದ್ಧವಾಗಿ ಕೈಗೆ ಸಿಗೋ ಆಸ್ತಿ ಅಲ್ಲ, ಬರೀ ಕಸವೂ ಅಲ್ಲ ಅಂತ ಒಂದು ಪದ್ಯ ಹೇಳಿದರೆ ಅಂಗೈಯಲ್ಲಿ ಪುಡಿ ಹಿಸುಕಿ ನೋಡಿದವರ ಮಕ್ಕಳಿಗೆ ಅದು ದೂರದ ಮಾತಾ?

ಶಿಷ್ಯೆ: ಅಲ್ಲ. ಆದರೆ ಸರ್, ಒಂದು ತಕರಾರು. ಬೋರು ಅಂದ್ರೆ ಪರಂಪರೆ, ನೀರು ಅಂದ್ರೆ ಚಿನ್ನ ಅಂತ ನಾನು ಹೋಗಿ ಹೇಳಿದರೆ ಅದೂ ಇನ್ನೊಂದು ಗೈಡೇ ಆಗುತ್ತೆ.

ಮೇಷ್ಟ್ರು: ಆಗುತ್ತೆ. ಒಳ್ಳೇದು ಕೇಳಿದೆ. ಬೋರಿನ ಮಾತು ಬಾಗಿಲು ತೆರೆಯೋಕೆ ಮಾತ್ರ. ಒಳಗೆ ಹೋದ ಮೇಲೆ ಎಲ್ಲಿ ಹೊಂದಲ್ಲ ಅಂತ ಹುಡುಕಬೇಕು. ಹುಡುಕು, ಎಲ್ಲಿ ಹೊಂದಲ್ಲ?

ಶಿಷ್ಯೆ: ನಾವು ಅಗೆಯೋದು ನೀರಿಗೆ. ಪದ್ಯದಲ್ಲಿ ನೀರು ಆಗಲೇ ಇದೆ, ಬಾವಿಯಲ್ಲಿ. ಆದರೆ ಕೊಳೀತಿದೆ.

ಮೇಷ್ಟ್ರು: ಮುಂದೆ?

ಶಿಷ್ಯೆ: ಅದು ಆವಿಯಾಗಿ ಮೇಲೆ ಹೋಗುತ್ತೆ. ಮೋಡ ಆಗುತ್ತೆ. ಮಳೆ, ಆಮೇಲೆ ಪೈರು… ಸರ್, ಇದರಲ್ಲಿ ಎರಡು ದಾರಿ ಇದೆ. ನೀರು ತಾನಾಗೇ ಮೇಲೇರಿ ಬದಲಾಗುತ್ತೆ. ಚಿನ್ನ ತಾನಾಗಿ ಏನೂ ಆಗಲ್ಲ, ಮನುಷ್ಯ ಕೆಳಗಿಳಿದು ದುಡೀಬೇಕು. ಒಂದು ಏರೋದು, ಒಂದು ಇಳಿಯೋದು.

ಮೇಷ್ಟ್ರು: ಇದು ಯಾವ ಗೈಡಿನಲ್ಲಿದೆ?

ಶಿಷ್ಯೆ: ಯಾವುದರಲ್ಲೂ ಇಲ್ಲ. ಈಗ ಕಂಡಿದ್ದು.

ಮೇಷ್ಟ್ರು: ಪದ್ಯವನ್ನ ವಿಮರ್ಶೆಯಿಂದ ಓದೋದು ಅಂದ್ರೆ ನನ್ನ ಪ್ರಕಾರ ಇಷ್ಟೇ. ಪದ್ಯದಲ್ಲಿ ಇರೋದನ್ನ ಇದೆ ಅಂತ ನೋಡೋದು, ಅಲ್ಲಿಂದ ಮುಂದಕ್ಕೆ ಹೋಗೋದು. ಇನ್ನೊಂದು ಮಾತು. ‘ಭೂತ’ ಅಂದರೆ ನಿನ್ನ ಮಕ್ಕಳು ಏನಂದರು?

ಶಿಷ್ಯೆ: ದೆವ್ವ. ಒಬ್ಬಳು ಭೂತಕಾಲ ಅಂದಳು, ವ್ಯಾಕರಣದಿಂದ.

ಮೇಷ್ಟ್ರು: ಎರಡೂ ಸರಿ. ಮೂರನೇದು ಕರಾವಳಿಯಲ್ಲಿದೆ. ಅಡಿಗರ ಸೀಮೆಯಲ್ಲಿ ಭೂತ ಅಂದ್ರೆ ಬೆದರಿ ಓಡಬೇಕಾದದ್ದಲ್ಲ. ಅದಕ್ಕೆ ಗುಡಿ ಇದೆ, ಕೋಲ ಇದೆ, ವರ್ಷಕ್ಕೊಂದು ಸಲ ಅದು ಮೈಮೇಲೆ ಬಂದು ಮನೆಯವರ ಲೆಕ್ಕ ಕೇಳುತ್ತೆ. ಹಳೇದು ನಮ್ಮನ್ನ ಕಾಡೋದು, ನಾವು ಅದಕ್ಕೆ ಉತ್ತರ ಕೊಡಬೇಕಾಗೋದು, ಎರಡೂ ಆ ಒಂದು ಪದದಲ್ಲಿ ಇದೆ. ಬಯಲುಸೀಮೆಯ ಹುಡುಗರಿಗೆ ಇದನ್ನ ಹೇಳಿಕೊಟ್ಟರೆ ಶೀರ್ಷಿಕೆಯೇ ಅರ್ಧ ಪದ್ಯ ತೆರೆಯುತ್ತೆ.

ಶಿಷ್ಯೆ: ಹಿನ್ನೆಲೆ, ಚರಿತ್ರೆ ಎಷ್ಟು ಹೇಳಲಿ ಸರ್? ಗೋಕಾಕರಿಂದ ಶುರು ಮಾಡಿದರೆ ಒಂದು ವಾರ ಹೋಗುತ್ತೆ.

ಮೇಷ್ಟ್ರು: ಹತ್ತು ನಿಮಿಷ. ಗೋಕಾಕರ ‘ನವ್ಯ ಕವಿತೆಗಳು’ 1950, ‘ಚಂಡೆಮದ್ದಳೆ’ 1954, ‘ಭೂಮಿಗೀತ’ 1959, ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ 1969, ಲಂಕೇಶರು ಸಂಪಾದಿಸಿದ ‘ಅಕ್ಷರ ಹೊಸ ಕಾವ್ಯ’ 1970. ಬೋರ್ಡಿನ ಮೇಲೆ ಬರೆದುಬಿಡು. ಒಂದೇ ಒಂದು ಕಡೆ ನಿಲ್ಲು. 1948ರಲ್ಲಿ ಅಡಿಗರ ‘ಕಟ್ಟುವೆವು ನಾವು’ ಬಂತು. ಆ ಹೆಸರಿನ ಪದ್ಯವನ್ನ ನಿನ್ನ ಮಕ್ಕಳು ಎನ್.ಎಸ್.ಎಸ್. ಕ್ಯಾಂಪಿನಲ್ಲಿ ಹಾಡಿರ್ತಾರೆ. ಅದೇ ಕವಿ ಆರು ವರ್ಷ ಕಳೆದು ‘ಗೊಂದಲಪುರ’ ಬರೆದರು. ಹೊಸ ನಾಡು ಕಟ್ಟುತ್ತೀವಿ ಅಂದಿದ್ದ ಬಾಯಿಗೆ ಆರು ವರ್ಷದಲ್ಲಿ ಆ ಹಳೇ ಮಾತು ರುಚಿಸದೆ ಹೋಯ್ತು. ಯಾಕೆ ಅಂತ ಕೇಳಿ ಸುಮ್ಮನಿರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಊರುಗಳಲ್ಲಿ ಏನಾಯ್ತು, ಏನಾಗಲಿಲ್ಲ ಅಂತ ಅವರ ಮನೆಗಳಲ್ಲಿ ಅಜ್ಜಂದಿರಿಗೆ ಗೊತ್ತು. ಕೇಳಿಕೊಂಡು ಬರಲಿ. ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸೋ ಯೋಜನೆ ಬರೋಕೆ ಸ್ವಾತಂತ್ರ್ಯದ ನಂತರ ಎಷ್ಟು ದಶಕ ಬೇಕಾಯ್ತು ಅನ್ನೋದನ್ನ ಅವರೇ ಲೆಕ್ಕ ಹಾಕಲಿ.

ಶಿಷ್ಯೆ: ಈಗ ನಾನು ಮುಚ್ಚಿಟ್ಟಿದ್ದನ್ನ ಹೇಳಿಬಿಡ್ತೀನಿ ಸರ್. ಪದ್ಯ ಬಿಡೋಣ ಅನ್ನಿಸಿದ್ದು ಮಕ್ಕಳು ತೂಕಡಿಸಿದರು ಅಂತ ಮಾತ್ರ ಅಲ್ಲ. ಎರಡನೇ ದಿನ ಕೊನೇ ಬೆಂಚಿನ ಒಬ್ಬ ಹುಡುಗಿ ನನ್ನನ್ನ ಹೊರಗೆ ಬಂದು ಕೇಳಿದಳು. ತರಗತಿಯಲ್ಲಿ ಕೇಳೋಕೆ ಅವಳಿಗೆ ಧೈರ್ಯ ಆಗಿರಲಿಲ್ಲ. ‘ಮಿಸ್, ಆ ದೇವರ ಮೂರ್ತಿ ಮಾಡಿ ಇಡ್ತಾರಲ್ಲ, ಆ ಗುಡಿಯೊಳಗೆ ನಮ್ಮಜ್ಜನ್ನ ಬಿಡ್ತಿದ್ದರಾ? ಆ ಬಾವಿ ನೀರು ನಾವು ಸೇದಬಹುದಿತ್ತಾ?’ ಅಂದಳು. ನನಗೆ ಬಾಯಿ ಕಟ್ಟಿಹೋಯ್ತು.

ಮೇಷ್ಟ್ರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಮೂವತ್ತು ವರ್ಷ ಈ ಪದ್ಯ ಮಾಡಿದೆ. ಯಾರೂ ಹಾಗೆ ಕೇಳಲಿಲ್ಲ. ಕೇಳಲಿಲ್ಲ ಅನ್ನೋದಕ್ಕಿಂತ, ಕೇಳಬಹುದು ಅನ್ನೋ ಜಾಗ ನಾನು ಮಾಡಿಕೊಟ್ಟಿರಲಿಲ್ಲ.

ಶಿಷ್ಯೆ: ಅವಳಿಗೆ ಏನು ಹೇಳಲಿ?

ಮೇಷ್ಟ್ರು: ಪದ್ಯದ ಪರವಾಗಿ ವಕಾಲತ್ತು ಮಾಡಬೇಡ. ಪಿತೃಗಳು ಅಂದಾಗ ಯಾರ ಪಿತೃಗಳು? ಹಿಂದಿನದು ಅಂದಾಗ ಯಾರ ಹಿಂದಿನದು? ಈ ಪ್ರಶ್ನೆ ಅಡಿಗರ ಪದ್ಯದ ಒಳಗಿಲ್ಲ, ಇರಬೇಕಾಗಿತ್ತು. ನವ್ಯದ ‘ನಾನು’ ಬಹಳ ಸಲ ಇಡೀ ಮನುಷ್ಯಕುಲದ ಹೆಸರಲ್ಲಿ ಮಾತಾಡುತ್ತೆ, ಆದರೆ ನಿಂತಿರೋದು ಒಂದು ಮನೆಯ ಅಂಗಳದಲ್ಲಿ. ಪುರಾಣ, ಯಜ್ಞ, ಗರ್ಭಗುಡಿ ಇವೆಲ್ಲ ಎಲ್ಲರಿಗೂ ಗೊತ್ತಿರೋ ಸಾಮಾನು ಅಂದ್ಕೊಂಡು ಬಳಸುತ್ತೆ. ಸಿದ್ಧಲಿಂಗಯ್ಯನವರು 1975ರಲ್ಲಿ ‘ಹೊಲೆಮಾದಿಗರ ಹಾಡು’ ತಂದಾಗ ಆಗಿದ್ದು ಇದಕ್ಕೆ ಉತ್ತರವೇ. ಅವರ ಪದ್ಯ ಮೆರವಣಿಗೆಯಲ್ಲಿ ಹಾಡೋದು, ಮೊದಲನೇ ಸಲ ಕೇಳಿದಾಗಲೇ ಮೈಗೆ ಹತ್ತೋದು. ಅಡಿಗರ ಪದ್ಯ ಒಬ್ಬನೇ ಕೂತು ಹತ್ತು ಸಲ ಓದಬೇಕಾದದ್ದು.

ಶಿಷ್ಯೆ: ಹಾಗಿದ್ದರೆ ಸಿದ್ಧಲಿಂಗಯ್ಯನವರನ್ನೇ ಓದಿಸಿದರೆ ಸಾಲದಾ?

ಮೇಷ್ಟ್ರು: ಸಾಲದು ಅಂತ ನನಗನ್ನಿಸುತ್ತೆ. ಆ ಹುಡುಗಿ ಪ್ರಶ್ನೆ ಕೇಳಿದ್ದು ಎಲ್ಲಿಂದ? ಮೂರ್ತಿ, ಬಾವಿ, ಈ ಎರಡು ಪದದಿಂದ. ಅವಳು ತೂಕಡಿಸಿರಲಿಲ್ಲ ಕಣವ್ವ. ನಿನ್ನ ತರಗತಿಯಲ್ಲಿ ‘ಭೂತ’ವನ್ನ ಎಲ್ಲರಿಗಿಂತ ಚೆನ್ನಾಗಿ ಓದಿದೋಳು ಅವಳೇ. ಪ್ರತಿಮೆ ಅಂತ ಹೇಳಿ ನಾವು ದಾಟಿಹೋದ ಜಾಗದಲ್ಲಿ ಅವಳು ನಿಂತು, ಇದು ನಿಜವಾದ ಬಾವಿ ಅಂತ ನೋಡಿದಳು. ಆ ಓದನ್ನ ಇನ್ನೂ ಗಟ್ಟಿ ಮಾಡೋಕೆ ಅವಳಿಗೆ ಈ ಪದ್ಯವೂ ಬೇಕು, ಸಿದ್ಧಲಿಂಗಯ್ಯನವರದ್ದೂ ಬೇಕು. ಎರಡನ್ನೂ ಒಂದೇ ದಿನ ಓದಿಸು. ಯಾವುದು ದೊಡ್ಡದು ಅಂತ ತೀರ್ಪು ಕೇಳಬೇಡ. ಎರಡೂ ಪದ್ಯದಲ್ಲಿ ಸತ್ತವರು ಯಾರು, ಬದುಕಿದವರು ಅವರಿಗೆ ಏನು ಕೊಡಬೇಕು ಅಂತ ಕೇಳು.

ಶಿಷ್ಯೆ: ಹೆಂಗಸರ ವಿಷಯ ಸರ್? ನವ್ಯದಲ್ಲಿ ಹೆಣ್ಣು ಬಂದಾಗೆಲ್ಲ ಒಂದೋ ಮೋಹ, ಇಲ್ಲ ಸಂಕೇತ.

ಮೇಷ್ಟ್ರು: ಒಪ್ಪಿದೆ. ಬಹುಪಾಲು ಹಾಗೇ. ಅದಕ್ಕೆ ವೈದೇಹಿಯವರ ‘ಬಿಂದು ಬಿಂದಿಗೆ’ ಸೇರಿಸು, 1990ರದ್ದು. ಅವರು ಕುಂದಾಪುರದವರು, ಅಡಿಗರ ಮೊಗೇರಿಗೆ ಹತ್ತಿರದ ಊರು. ಒಂದೇ ಕರಾವಳಿ, ಒಂದೇ ಆಡುಭಾಷೆ. ಪಡಸಾಲೆಯಿಂದ ಕಂಡ ಮನೆ ಬೇರೆ, ಅಡುಗೆಮನೆಯಿಂದ ಕಂಡ ಮನೆ ಬೇರೆ.

ಶಿಷ್ಯೆ: ಅಡಿಗರ ರಾಜಕೀಯವನ್ನೂ ಕೇಳ್ತಾರೆ. 1971ರಲ್ಲಿ ಜನಸಂಘದಿಂದ ಬೆಂಗಳೂರಿನಲ್ಲಿ ಲೋಕಸಭೆಗೆ ನಿಂತಿದ್ದರಲ್ಲ.

ಮೇಷ್ಟ್ರು: ನಿಂತಿದ್ದರು, ಸೋತರು. ಹಾಗೇ ಹೇಳು. ಆದರೆ ಮೊದಲನೇ ದಿನ ಹೇಳಬೇಡ. ಐ.ಎ. ರಿಚರ್ಡ್ಸ್ ಅಂತ ಕೇಂಬ್ರಿಡ್ಜಿನ ಮೇಷ್ಟ್ರು ಒಬ್ಬರಿದ್ದರು. ಕವಿಯ ಹೆಸರು ಅಳಿಸಿ ಪದ್ಯ ಮಾತ್ರ ವಿದ್ಯಾರ್ಥಿಗಳ ಕೈಗೆ ಕೊಟ್ಟು ಬರೆಸೋರು, 1929ರಲ್ಲಿ ಆ ಉತ್ತರಗಳನ್ನೇ ಇಟ್ಕೊಂಡು ಪುಸ್ತಕ ತಂದರು. ಓದಿದ ಮಕ್ಕಳು ಕೂಡ ಎಲ್ಲೆಲ್ಲಿ ಎಡವಿದರು ಅಂತ ಅದರಲ್ಲಿ ನೋಡಬಹುದು. ನೀನೂ ಹಾಗೇ ಮಾಡು. ಹೆಸರಿಲ್ಲದ ಒಂದು ಜೆರಾಕ್ಸ್ ಕೊಡು. ಅಡಿಗ ಅಂತ ಗೊತ್ತಾದ ತಕ್ಷಣ ಭಕ್ತಿಯೋ ಸಿಟ್ಟೋ ಮುಂದೆ ಬಂದು ಕೂತ್ಕೊಳ್ಳುತ್ತೆ, ಪದ್ಯ ಹಿಂದೆ ಹೋಗುತ್ತೆ.

ಶಿಷ್ಯೆ: ‘ಭೂತ’ಕ್ಕೆ ಮೊದಲು ಒಂದು ಸಣ್ಣ ಪದ್ಯ ಇಟ್ಟರೆ? ಪದಗಳು ಸುಲಭ ಇರೋದು.

ಮೇಷ್ಟ್ರು: ರಾಮಾನುಜನ್ನರ ಅಂಗುಲದ ಹುಳು. ಎಲ್ಲರನ್ನೂ ಅಳೆಯೋ ಹುಳುವಿಗೆ ಒಂದು ಹಕ್ಕಿ ನನ್ನ ಹಾಡು ಅಳಿ ಅನ್ನುತ್ತೆ, ಹುಳು ಅಳೀತಾ ಅಳೀತಾ ಹಕ್ಕಿಯ ಕಣ್ಣಿಗೇ ಕಾಣದಷ್ಟು ದೂರ ಹೋಗಿಬಿಡುತ್ತೆ. ಪ್ರಾಥಮಿಕ ಶಾಲೆಯ ಮಗುವಿಗೂ ಪದಗಳು ಗೊತ್ತು. ಹುಳು ಸೋತಿತಾ, ಗೆದ್ದಿತಾ, ತಪ್ಪಿಸಿಕೊಂಡಿತಾ ಅಂತ ಕೇಳು, ಒಂದು ಗಂಟೆ ಗದ್ದಲ ನಿಲ್ಲಲ್ಲ. ಕಷ್ಟ ಇರೋದು ಪದದಲ್ಲಲ್ಲ ಅಂತ ಅವರಿಗೇ ಗೊತ್ತಾಗುತ್ತೆ.

ಶಿಷ್ಯೆ: ಪರೀಕ್ಷೆಯಲ್ಲಿ ಬರೋದು ಮಾತ್ರ ‘ಸಾರಾಂಶ ಬರೆಯಿರಿ’.

ಮೇಷ್ಟ್ರು: ಆ ಪ್ರಶ್ನೆ ನಿನ್ನ ಕೈಯಲ್ಲಿಲ್ಲ. ಅಸೈನ್‌ಮೆಂಟ್ ನಿನ್ನ ಕೈಯಲ್ಲಿದೆ. ಅದರಲ್ಲಿ ಒಂದೇ ಪ್ರಶ್ನೆ ಕೊಡು: ಮೂರು ಸಲ ಗಟ್ಟಿಯಾಗಿ ಓದಿ, ನಿಮಗೆ ತಿಳಿಯದ ಒಂದು ಸಾಲು ಯಾವುದು, ಯಾಕೆ ತಿಳಿಯಲಿಲ್ಲ, ಒಂದು ಪುಟ. ಗೈಡಿನಲ್ಲಿ ಇದಕ್ಕೆ ಉತ್ತರ ಸಿಗಲ್ಲ. ಇಪ್ಪತ್ತೊಂದು ವರ್ಷದ ಹುಡುಗ ನನಗೆ ಇಲ್ಲಿ ತಿಳೀಲಿಲ್ಲ ಅಂತ ಬೆರಳಿಟ್ಟು ಹೇಳೋದನ್ನ ಕಲಿತರೆ, ನಾಳೆ ಸಾಲದ ಕಾಗದ ಬರಲಿ, ಚುನಾವಣೆಯ ಭಾಷಣ ಬರಲಿ, ಅಷ್ಟು ಸುಲಭವಾಗಿ ತಲೆ ಆಡಿಸಲ್ಲ. ಈ ಪದ್ಯಗಳು ಮಕ್ಕಳಿಗೆ ಬೇಕು ಅಂತ ನಾನು ಹಟ ಹಿಡಿಯೋದು ಅದಕ್ಕೆ. ಸವೆದ ಮಾತಿನ ಮೇಲೆ ಅಡಿಗರಿಗೆ ಎಷ್ಟು ಸಿಟ್ಟಿತ್ತು ಅಂದರೆ, ತಮ್ಮದೇ ಹಳೇ ಭಾವಗೀತೆಯ ಭಾಷೆಯನ್ನ, ಜನ ಮೆಚ್ಚಿದ್ದ ಭಾಷೆಯನ್ನ ಬಿಟ್ಟು ಬಂದರು. ‘ಮೈಸೂರು ಮಲ್ಲಿಗೆ’ಯ ಕೆ.ಎಸ್.ನ. ಕೂಡ 1958ರಲ್ಲಿ ‘ಶಿಲಾಲತೆ’ಗೆ ಹೊರಳಿದರು. ಕೈಗೆ ಹತ್ತಿದ ಯಶಸ್ಸನ್ನ ಕೆಳಗಿಟ್ಟು ಮತ್ತೆ ಮೊದಲಿಂದ ಮಾತು ಕಲಿಯೋದು ಸಣ್ಣ ಕೆಲಸ ಅಲ್ಲ.

ಶಿಷ್ಯೆ: ನಾಳೆ ಎರಡನೇ ಪಿರಿಯಡ್ ನನ್ನದು. ಮೊದಲು ಅವಳನ್ನೇ ಓದು ಅಂತೀನಿ.

ಮೇಷ್ಟ್ರು: ಅವಳ ಪ್ರಶ್ನೆಯನ್ನ ನೀನು ಹೇಳಬೇಡ. ಅವಳಿಗೆ ಮನಸ್ಸಿದ್ದರೆ ಅವಳೇ ಕೇಳಲಿ.

ಶಿಷ್ಯೆ: ಆಗಲಿ. ಈ ಪುಸ್ತಕ ಒಯ್ಯಲಾ ಸರ್? ಇದರ ಅಂಚಿನಲ್ಲಿ ಪೆನ್ಸಿಲ್ಲಿನ ಪ್ರಶ್ನೆಗುರುತು ಇದೆಯಲ್ಲ, ಎರಡು ಕಡೆ.

ಮೇಷ್ಟ್ರು: ನಾನು ಬಿ.ಎ. ಓದ್ತಿದ್ದಾಗ ಹಾಕಿದ್ದು. ಒಂದಕ್ಕೆ ಇವತ್ತು ನೀನು ಉತ್ತರ ಕೊಟ್ಟೆ, ಆ ಏರೋದು ಇಳಿಯೋದು ಅಂದೆಯಲ್ಲ, ಅದು. ಇನ್ನೊಂದು ಹಾಗೇ ಇದೆ, ಅಳಿಸಬೇಡ. ಮಕ್ಕಳಿಗೆ ತೋರಿಸು. ಯಾರಾದರೂ ಏನಾದರೂ ಹೇಳಿದರೆ ಬಂದು ಹೇಳು, ಭಾನುವಾರ ನಾನು ಮನೇಲೇ ಇರ್ತೀನಿ.